ಠಾಣೆಯ ಮೆಟ್ಟಿಲು

ನನ್ನ ಸೋದರತ್ತೆ ಕುಂದಾಪುರದ ಕಡೆಯವರು. ಉದ್ಯೋಗನಿಮಿತ್ತ ನಾನು ಠಾಣೆ ನಗರದಲ್ಲಿ ಮನೆ ಮಾಡಿದ ಹೊಸತರಲ್ಲಿ ಯಾರೋ ಅವರಿಗೆ, ‘ನಿಮ್ಮ ಅಣ್ಣನ ಮಗ ಈಗ ಠಾಣೆಯಲ್ಲಿದ್ದಾನಂತೆ’ ಎಂದರಂತೆ. ಅತ್ತೆ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟು, ‘ಅಂಥದ್ದೇನು ಮಾಡಿದ ಹುಡುಗ?’ ಎಂದು ಕಣ್ಣೀರು ತೆಗೆದರು. ಅದೊಂದು ಊರಿನ ಹೆಸರೆಂದು ತಿಳಿಸಿ ಅವರನ್ನು ಸಮಾಧಾನಪಡಿಸಲು ಸಾಕುಬೇಕಾಯಿತು. ನಮ್ಮ ಮನೆಯಲ್ಲಿ ಇಂದಿಗೂ ಇದನ್ನು ಹೇಳಿ ನಗುವುದುಂಟು.

ಆದರೆ ಆ ಕಣ್ಣೀರಿನ ಹಿಂದಿರುವ ಭಾವನೆ ನಗುವಂಥದ್ದಲ್ಲ. ಮಾನವಂತರಾದವರು ಠಾಣೆಯ ಮೆಟ್ಟಿಲು ಹತ್ತಬಾರದೆಂಬ ಮಾತನ್ನು ಕೇಳುತ್ತಲೇ ನಾವು ಬೆಳೆದೆವು. ಪರವೂರಿಗೆ ಬಂದ ಮೇಲೆ ಆ ಸಂಕೋಚ ಇಮ್ಮಡಿಯಾಯಿತು. ಮರಾಠಿ ಸರಿಯಾಗಿ ಬಾರದು, ಪರಿಚಯದ ಅಧಿಕಾರಿಗಳಿಲ್ಲ, ನಾಲ್ಕು ಜನಕ್ಕೆ ತಿಳಿದರೆ ನಾಚಿಕೆ. ಹೀಗಾಗಿ ನಮ್ಮ ಎಷ್ಟೋ ಸಂಸಾರಗಳು ಕಳೆದುಕೊಂಡದ್ದನ್ನು ನುಂಗಿಕೊಂಡು ಸುಮ್ಮನಾಗುತ್ತವೆ. ಕಳ್ಳನ ಬಂಡವಾಳ ಅವನ ಕೈಚಳಕಕ್ಕಿಂತ ಹೆಚ್ಚಾಗಿ ನಮ್ಮ ಈ ಮೌನವೇ ಎಂದು ಈಚಿನ ವರ್ಷಗಳಲ್ಲಿ ನನಗೆ ಮನದಟ್ಟಾಗಿದೆ. ಈ ಸಂಚಿಕೆಯಲ್ಲಿ ರಕ್ತದೊತ್ತಡ, ಸಿಹಿಮೂತ್ರಗಳ ಬಗೆಗೆ ಬಲ್ಲವರು ಬರೆಯುತ್ತಾರೆ. ಅವುಗಳ ನಡುವೆ ಈ ಬೇರೊಂದು ಬಗೆಯ ಆರೋಗ್ಯದ ಮಾತಿಗೂ ಎಡೆಯಿರಲೆಂದು ಕೋರುತ್ತೇನೆ.

ಹಿಂದೆ ನಮ್ಮವರು ಕೋಟೆ, ಗಿರಗಾಂವ, ಮಾಟುಂಗಾ, ದಾದರ್‌ಗಳ ಚಾಳುಗಳಲ್ಲಿ ವಾಸವಾಗಿದ್ದರು. ಬಳಿಕ ಮನೆಗಳ ಬೆಲೆಗೆ ಹೆದರಿ ಠಾಣೆ, ಡೊಂಬಿವಲಿ, ಕಲ್ಯಾಣಗಳತ್ತ ಸರಿದರು. 1970ರಲ್ಲಿ ಸಿಡ್ಕೋ ಸಂಸ್ಥೆ ಹುಟ್ಟಿ ನವಿ ಮುಂಬಯಿ ಎದ್ದ ಮೇಲೆ ವಾಶಿ, ನೆರೂಳ್‌ಗಳಿಗೂ ಹೋದರು. ಚಾಳಿನಲ್ಲಿ ಒಂದು ನಲ್ಲಿ, ಒಂದು ಪಡಸಾಲೆ. ಅಪರಿಚಿತನೊಬ್ಬ ಮೆಟ್ಟಿಲೇರಿದರೆ ಹತ್ತು ಬಾಗಿಲುಗಳಿಂದ ಹತ್ತು ಮುಖಗಳು ಇಣುಕಿ ‘ಯಾರು ಬೇಕು?’ ಎಂದು ಕೇಳುತ್ತಿದ್ದವು. ಇಂದಿನ ಇಪ್ಪತ್ತು ಮಹಡಿಯ ಕಟ್ಟಡದಲ್ಲಿ ಕಾವಲುಗಾರನಿದ್ದಾನೆ, ಕ್ಯಾಮರಾ ಇದೆ, ಬಂದವರ ಹೆಸರು ಬರೆಯುವ ಪುಸ್ತಕವಿದೆ. ಎದುರು ಮನೆಯವರ ಹೆಸರು ಮಾತ್ರ ನಮಗೆ ತಿಳಿಯದು. ಕ್ಯಾಮರಾ ಕಳ್ಳನ ಚಿತ್ರ ತೆಗೆಯಬಲ್ಲುದು, ಆದರೆ ಅವನನ್ನು ‘ಯಾರು ಬೇಕು?’ ಎಂದು ಕೇಳಲಾರದು.

ಮೇ ತಿಂಗಳನ್ನೇ ತೆಗೆದುಕೊಳ್ಳೋಣ. ಮಕ್ಕಳ ಶಾಲೆಗೆ ರಜೆ, ಊರಿನಲ್ಲಿ ಮದುವೆ, ಜಾತ್ರೆ, ನೇಮ. ಕರಾವಳಿಯವರು ಮತ್ಸ್ಯಗಂಧಾ ಹಿಡಿದು, ಕಲಬುರಗಿಯ ಕಡೆಯವರು ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಹೊರಟರೆಂದರೆ ಹದಿನೈದು ದಿನ ಮನೆಗೆ ಬೀಗ. ಬಾಗಿಲ ಮುಂದೆ ಬಿದ್ದ ಪತ್ರಿಕೆಗಳು, ಹೊರಗೆ ನೇತಾಡುವ ದೊಡ್ಡ ಬೀಗ, ಹಗಲೂ ಉರಿಯುವ ದೀಪ ಇವೆಲ್ಲ ‘ಮನೆಯಲ್ಲಿ ಯಾರೂ ಇಲ್ಲ’ ಎಂದು ಕಂಡವರಿಗೆಲ್ಲ ಸಾರುತ್ತವೆ. ಸಾಲದುದಕ್ಕೆ ನಮ್ಮ ಮಕ್ಕಳು ರೈಲು ಪನವೇಲ್ ದಾಟುವ ಮೊದಲೇ ಮೊಬೈಲಿನಲ್ಲಿ ಕುಟುಂಬದ ಚಿತ್ರವನ್ನು ಲೋಕಕ್ಕೆಲ್ಲ ತೋರಿಸಿಬಿಡುತ್ತಾರೆ. ಚಿತ್ರಗಳನ್ನು ಮರಳಿ ಬಂದ ಮೇಲೆ ಹಾಕಿದರೂ ಅವು ಹಳಸುವುದಿಲ್ಲವಷ್ಟೆ! ಹಾಲು, ಪತ್ರಿಕೆ ನಿಲ್ಲಿಸುವುದು, ಬಾಗಿಲಿನೊಳಗೇ ಕೂರುವ ಬೀಗ ಹಾಕಿಸುವುದು, ನೆರೆಯವರಿಗೆ ಹೊರಡುವ ಮತ್ತು ಬರುವ ದಿನ ತಿಳಿಸಿ ಊರಿನ ದೂರವಾಣಿ ಸಂಖ್ಯೆ ಕೊಡುವುದು ಇವಕ್ಕೆ ಖರ್ಚು ಹೆಚ್ಚಿಲ್ಲ. ಮರಳುವಾಗ ಆ ನೆರೆಯವರಿಗೆ ಒಂದು ಪೊಟ್ಟಣ ಹಪ್ಪಳ ತಂದುಕೊಟ್ಟರೆ ಮುಂದಿನ ಮೇ ತಿಂಗಳಿಗೂ ಕಾವಲು ಸಿದ್ಧ.

ಚಿನ್ನವನ್ನು ಬ್ಯಾಂಕಿನ ಲಾಕರಿನಲ್ಲಿಟ್ಟು ನಿಶ್ಚಿಂತರಾದೆವೆಂದು ಹೇಳುವವರು ನವಿ ಮುಂಬಯಿಯ ಜುಯಿನಗರದ ಪ್ರಕರಣವನ್ನು ಮರೆಯಬಾರದು. 2017ರ ನವೆಂಬರಿನಲ್ಲಿ ಅಲ್ಲಿಯ ಬ್ಯಾಂಕ್ ಶಾಖೆಯೊಂದಕ್ಕೆ ಪಕ್ಕದ ಅಂಗಡಿಯಿಂದ ಸುರಂಗ ಕೊರೆದ ಕಳ್ಳರು ಸುಮಾರು 30 ಲಾಕರುಗಳನ್ನು ಬರಿದು ಮಾಡಿದರು. ಕೆಲವು ತಿಂಗಳ ಮೊದಲೇ ಅವರು ಆ ಅಂಗಡಿಯನ್ನು ಬಾಡಿಗೆಗೆ ಹಿಡಿದು ದಿನಸಿ ವ್ಯಾಪಾರದ ಸೋಗು ಹಾಕಿದ್ದರು. ಪೋಲೀಸರು ಕೆಲವೇ ದಿನಗಳಲ್ಲಿ ಹಲವರನ್ನು ಹಿಡಿದರೆಂಬುದು ನಿಜ. ಆದರೆ ಅಷ್ಟು ಮಣ್ಣು ಅಗೆದು ಮುಗಿಯುವವರೆಗೆ ಅಕ್ಕಪಕ್ಕದ ಯಾರಿಗೂ ಸಂಶಯ ಬರಲಿಲ್ಲವೆಂಬುದೇ ನನ್ನನ್ನು ಕಾಡುವ ಸಂಗತಿ. ಬಾಡಿಗೆದಾರನ ವಿವರವನ್ನು ಪೋಲೀಸರಿಗೆ ತಿಳಿಸುವ ಪದ್ಧತಿ ಕಿರಿಕಿರಿಯದೆಂದು ನಮ್ಮವರು ಗೊಣಗುವುದುಂಟು; ‘ನಮ್ಮೂರಿನ ಹುಡುಗ, ಹೋಟೆಲಿನಲ್ಲಿ ಕೆಲಸ, ಕಾಗದಪತ್ರ ಯಾತಕ್ಕೆ?’ ಎಂದು ಕೀಲಿಕೈ ಕೊಟ್ಟುಬಿಡುತ್ತಾರೆ. ಹುಡುಗ ಒಳ್ಳೆಯವನೇ ಇರಬಹುದು. ಅವನ ಕೋಣೆಗೆ ಬಂದು ಸೇರಿಕೊಂಡ ಇನ್ನಿಬ್ಬರು ಯಾರು?

ಲಾಕರಿನ ಬಗೆಗೆ ಇನ್ನೊಂದು ಮಾತು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ನೀಡಿದ ತೀರ್ಪಿನ ತರುವಾಯ ರಿಸರ್ವ್ ಬ್ಯಾಂಕು ಹೊಸ ನಿಯಮಗಳನ್ನು ಮಾಡಿ 2022ರ ಜನವರಿ 1ರಿಂದ ಜಾರಿಗೆ ತಂದಿತು. ಕಳ್ಳತನ, ದರೋಡೆ, ಬೆಂಕಿ, ಕಟ್ಟಡದ ಕುಸಿತ, ನೌಕರರ ವಂಚನೆ ಇವುಗಳಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ 100 ಪಟ್ಟು. ಬಾಡಿಗೆ 3,000 ರೂಪಾಯಿ ಆದರೆ 3 ಲಕ್ಷ. ಮಗಳ ಮದುವೆಗೆಂದು ಕೂಡಿಟ್ಟ ಒಡವೆಗಳ ಇಂದಿನ ಬೆಲೆಗೆ ಇದು ಎಲ್ಲಿ ಸಾಲುತ್ತದೆ? ಒಡವೆಗಳ ಛಾಯಾಚಿತ್ರ ಮತ್ತು ರಸೀದಿಗಳನ್ನು ಬೇರೆಡೆ ಇಟ್ಟುಕೊಂಡು, ಸಾಧ್ಯವಿದ್ದಲ್ಲಿ ವಿಮೆಯನ್ನೂ ಮಾಡಿಸುವುದು ಲೇಸು.

ಬೀದಿಯ ಅಪಾಯಗಳು ಬಹುತೇಕ ಎಲ್ಲರಿಗೂ ಗೊತ್ತಿರುವುದರಿಂದ ಹೆಚ್ಚು ಬೆಳೆಸುವುದಿಲ್ಲ. ಬೆಳಗಿನ ತಿರುಗಾಟದಲ್ಲಿ, ದೇವಸ್ಥಾನದ ದಾರಿಯಲ್ಲಿ ಮೋಟಾರ್ ಸೈಕಲಿನಲ್ಲಿ ಬಂದು ಕರಿಮಣಿ ಸರವನ್ನು ಎಳೆದೊಯ್ಯುವವರಿದ್ದಾರೆ. ಹೀಗೆ ಕಸಿದೊಯ್ಯುವುದನ್ನು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 304ನೆಯ ಕಲಮು ಪ್ರತ್ಯೇಕ ಅಪರಾಧವೆಂದು ಹೆಸರಿಸಿ, 3 ವರ್ಷದವರೆಗಿನ ಸೆರೆವಾಸವನ್ನು ವಿಧಿಸಿದೆ. ಇನ್ನು ಕೆಲವರು ಸಾದಾ ಉಡುಪಿನ ಪೋಲೀಸರೆಂದು ಹೇಳಿಕೊಂಡು ಬರುತ್ತಾರೆ. ‘ಮುಂದಿನ ಗಲ್ಲಿಯಲ್ಲಿ ಲೂಟಿಯಾಗಿದೆ, ಆಭರಣ ಬಿಚ್ಚಿ ಕಾಗದದಲ್ಲಿ ಕಟ್ಟಿಕೊಳ್ಳಿ ಅಮ್ಮಾ’ ಎಂದು ತಾವೇ ಪೊಟ್ಟಣ ಕಟ್ಟಿಕೊಡುತ್ತಾರೆ. ಮನೆಗೆ ಬಂದು ಬಿಚ್ಚಿದರೆ ಒಳಗೆ ಕಲ್ಲು. ನಿಜವಾದ ಪೋಲೀಸನು ಎಂದೂ ನಿಮ್ಮ ಒಡವೆಯನ್ನು ಬಿಚ್ಚಿಸಿ ಪೊಟ್ಟಣ ಕಟ್ಟುವುದಿಲ್ಲ.

ರೈಲಿನ ಬಾಗಿಲಲ್ಲಿ ನಿಂತು ಮೊಬೈಲ್ ನೋಡುವ ತರುಣರಿಗೆ ‘ಫಟಕಾ’ ಎಂಬ ಶಬ್ದದ ಅರ್ಥವನ್ನು ಮನೆಯ ಹಿರಿಯರು ಹೇಳಿಕೊಡಬೇಕು. ಹಳಿಯ ಪಕ್ಕದಲ್ಲಿ ನಿಂತು ಕೈಗೆ ಕೋಲಿನಿಂದ ಬಡಿದು ಫೋನು ಬೀಳಿಸುವ ಈ ಕಳ್ಳತನದಲ್ಲಿ, ಬೀಳುವುದು ಫೋನೊಂದೇ ಆಗಿರುವುದಿಲ್ಲ. ಕೈಕಾಲು, ಪ್ರಾಣ ಕಳೆದುಕೊಂಡವರೂ ಇದ್ದಾರೆ. ಫೋನು ಹೋದರೆ ಹೋಗಲಿ, ಅದರ ಬೆನ್ನು ಹತ್ತಿ ಚಲಿಸುವ ಗಾಡಿಯಿಂದ ಹಾರಬಾರದು. ಪ್ರತಿ ಫೋನಿಗೂ 15 ಅಂಕಿಗಳ ಒಂದು ಗುರುತು ಸಂಖ್ಯೆಯಿದೆ. ಅದನ್ನು ಮನೆಯ ಡೈರಿಯಲ್ಲಿ ಬರೆದಿಟ್ಟಿದ್ದರೆ, ದೂರು ಕೊಟ್ಟ ಬಳಿಕ ಕೇಂದ್ರ ಸರಕಾರದ ‘ಸಂಚಾರ ಸಾಥಿ’ ಜಾಲತಾಣದ ಮೂಲಕ ಆ ಫೋನನ್ನು ಯಾರೂ ಬಳಸದಂತೆ ಮಾಡಬಹುದು.

ಇನ್ನು ನನ್ನನ್ನು ಈ ಲೇಖನ ಬರೆಯಲು ಹಚ್ಚಿದ ವಿಷಯಕ್ಕೆ ಬರುತ್ತೇನೆ. ಡೊಂಬಿವಲಿಯಲ್ಲಿ ನನಗೆ ಪರಿಚಿತರಾದ ಹಿರಿಯರೊಬ್ಬರಿದ್ದಾರೆ. ನಿವೃತ್ತರು, ಲೆಕ್ಕದಲ್ಲಿ ಬಲು ಕಟ್ಟುನಿಟ್ಟು. ಒಂದು ಬೆಳಿಗ್ಗೆ ಅವರಿಗೆ ಕರೆ ಬಂದಿತು: ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮ ಆಧಾರ್ ಸಂಖ್ಯೆಯಿಂದ ಖಾತೆ ತೆರೆಯಲಾಗಿದೆ. ಬಳಿಕ ಮೊಬೈಲಿನ ತೆರೆಯ ಮೇಲೆ ಸಮವಸ್ತ್ರ ಧರಿಸಿದ ಅಧಿಕಾರಿ, ಹಿಂದೆ ಧ್ವಜ, ಮೊಹರು ಹಾಕಿದ ಕೋರ್ಟಿನ ಕಾಗದ. ‘ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಲಾಗಿದೆ. ಕ್ಯಾಮರಾದ ಮುಂದಿನಿಂದ ಏಳಬಾರದು. ಹೆಂಡತಿಗೂ ಹೇಳಬಾರದು.’ ಆ ಕೊನೆಯ ಮಾತನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಮೋಸದ ಕೀಲಿಯಿರುವುದು ಅಲ್ಲಿಯೇ. ಮೂರು ದಿನ ಅವರು ಕೋಣೆಯ ಬಾಗಿಲು ಹಾಕಿಕೊಂಡೇ ಇದ್ದರು. ಠೇವಣಿಗಳನ್ನು ಮುರಿದು ‘ತನಿಖೆ ಮುಗಿದ ಮೇಲೆ ಹಿಂತಿರುಗಿಸುವ’ ಖಾತೆಗೆ ಕಳುಹಿಸಿದರು. ‘ಏನ್ರೀ, ಯಾಕೆ ಊಟ ಸೇರುತ್ತಿಲ್ಲ?’ ಎಂದು ಕೇಳಿದ ಹೆಂಡತಿಗೆ ಉತ್ತರವಿಲ್ಲ. ಕೊನೆಗೆ ಆ ತಾಯಿ ಪಕ್ಕದ ಮನೆಯ ಮರಾಠಿ ಕಾಕೂ ಅವರೊಡನೆ ದುಃಖ ತೋಡಿಕೊಂಡಾಗ, ಕಾಕೂ ಅವರ ಮಗ ಒಳಗೆ ಹೋಗಿ ಫೋನು ಕಿತ್ತುಕೊಂಡು 1930ಕ್ಕೆ ಕರೆ ಮಾಡಿದ. ಮೂರನೆಯ ದಿನ ಕಳುಹಿಸಿದ ಹಣದ ಒಂದು ಪಾಲನ್ನು ಬ್ಯಾಂಕಿನಲ್ಲಿ ತಡೆಹಿಡಿಯಲಾಯಿತು. ಮೊದಲೆರಡು ದಿನಗಳದು ಹೋಯಿತು.

‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ಇಲ್ಲ. ಪ್ರಧಾನಮಂತ್ರಿಗಳು 2024ರ ಅಕ್ಟೋಬರ್ 27ರ ಆಕಾಶವಾಣಿ ಭಾಷಣದಲ್ಲಿಯೇ ಇದನ್ನು ಸ್ಪಷ್ಟಪಡಿಸಿದರು. ಹರಿಯಾಣದ ಅಂಬಾಲಾದ ವೃದ್ಧ ದಂಪತಿಗಳು ಇಂಥದೇ ಮೋಸಕ್ಕೆ ಸಿಕ್ಕಿ ಬರೆದುಕೊಂಡಾಗ, 2025ರಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡಿತು; ಏಕೆಂದರೆ ಮೋಸಗಾರರು ತೋರಿಸಿದ್ದು ಅದೇ ಕೋರ್ಟಿನ ಹೆಸರಿನ ನಕಲಿ ಆದೇಶವನ್ನು. ಯಾವ ಪೋಲೀಸರೂ ತೆರೆಯ ಮೇಲೆ ಬಂಧಿಸುವುದಿಲ್ಲ. ಯಾವ ನ್ಯಾಯಾಲಯವೂ ಪರಿಶೀಲನೆಗೆಂದು ಹಣ ತರಿಸಿಕೊಳ್ಳುವುದಿಲ್ಲ. ಹಣ ಹೋದ ಮೊದಲ ಗಂಟೆಯೇ ಅಮೂಲ್ಯವಾದುದು. ವಂಚಕರು ಹಣವನ್ನು ಒಂದು ಖಾತೆಯಿಂದ ಹತ್ತು ಖಾತೆಗೆ ಹಂಚಿಬಿಡುವ ಮೊದಲು 1930ಕ್ಕೆ ತಿಳಿಸಿದರೆ ಮಾತ್ರ ತಡೆಯುವ ಸಂಭವವುಂಟು.

ಆ ಹಿರಿಯರ ನಿದ್ದೆ ಮರಳಲು ತಿಂಗಳುಗಳೇ ಬೇಕಾದವು, ರಕ್ತದೊತ್ತಡ ಏರಿತು. ಅವರನ್ನು ಹೆಚ್ಚು ನೋಯಿಸಿದ್ದು ಹಣದ ನಷ್ಟವಲ್ಲ, ‘ಇಷ್ಟು ಓದಿದವರು ಹೇಗೆ ಮೋಸಹೋದಿರಿ ಅಪ್ಪಾ?’ ಎಂದು ದೂರದಲ್ಲಿದ್ದ ಮಗ ಕೇಳಿದ ಪ್ರಶ್ನೆ. ಮಕ್ಕಳಾದವರು ದಯವಿಟ್ಟು ಈ ಪ್ರಶ್ನೆಯನ್ನು ಕೇಳಬಾರದು. ಕೇಳಿದರೆ, ಮುಂದಿನ ಬಾರಿ ತಂದೆ ಏನನ್ನೂ ಹೇಳಲಾರರು.

ಠಾಣೆಯ ಮೆಟ್ಟಿಲಿನ ಭಯವುಳ್ಳವರಿಗಾಗಿ ಕೆಲವು ಮಾತು. ಠಾಣೆ, ಡೊಂಬಿವಲಿ, ಕಲ್ಯಾಣಗಳು 1981ರಲ್ಲಿ ರಚಿತವಾದ ಠಾಣೆ ಪೋಲೀಸ್ ಆಯುಕ್ತರ ಅಧೀನದಲ್ಲಿವೆ. ವಾಶಿ, ನೆರೂಳ್, ಪನವೇಲ್‌ಗಳು 1994ರಲ್ಲಿ ಆರಂಭವಾದ ನವಿ ಮುಂಬಯಿ ಆಯುಕ್ತರ ಕೆಳಗೆ. ರೈಲಿನಲ್ಲಾದದ್ದು ರೈಲ್ವೆ ಪೋಲೀಸರಿಗೆ. ‘ಇದು ನಮ್ಮ ಹದ್ದಿಯಲ್ಲ’ ಎಂಬ ಮಾತಿಗೆ ಹಿಂದೆ ಜನ ಬೇಸತ್ತು ಮನೆಗೆ ಮರಳುತ್ತಿದ್ದರು. ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಗಂಭೀರ ಅಪರಾಧದ ದೂರನ್ನು ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಕೊಡಬಹುದು. ಬಾಯಿಮಾತಿನಲ್ಲಿ ಹೇಳಿದ್ದನ್ನು ಅವರು ಬರೆದುಕೊಂಡು ಓದಿಹೇಳಬೇಕು. ಪ್ರತಿಯನ್ನು ಉಚಿತವಾಗಿ ಕೊಡಬೇಕು. ಮರಾಠಿ ತಿಳಿಯದಿದ್ದರೆ ಓದಿಸಿ, ಅರ್ಥ ಮಾಡಿಕೊಂಡ ಮೇಲೆಯೇ ಸಹಿ ಹಾಕಿರಿ. ಸಂಘದಲ್ಲಿ ಎರಡೂ ಭಾಷೆ ಬಲ್ಲವರು ಬೇಕಾದಷ್ಟಿದ್ದಾರೆ, ಜೊತೆಗೆ ಕರೆದೊಯ್ಯಿರಿ. ಸಾಕ್ಷಿ ವಿಚಾರಣೆಗೆಂದು ಹೆಂಗಸರನ್ನಾಗಲಿ, ಅರವತ್ತು ದಾಟಿದವರನ್ನಾಗಲಿ ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ. ಪೋಲೀಸರೇ ಮನೆಗೆ ಬರಬೇಕು. ತುರ್ತಿಗೆ 112, ಮಕ್ಕಳಿಗಾಗಿ 1098, ರೈಲಿನಲ್ಲಿ 139, ಹಿರಿಯರಿಗಾಗಿ 14567. ಇವನ್ನು ಮೊಬೈಲಿನಲ್ಲಿ ಅಡಗಿಸಿಡದೆ, ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ. ಗಾಬರಿಯಲ್ಲಿ ಕನ್ನಡಕ ಸಿಗುವುದಿಲ್ಲ.

ಕಳೆದ ತಿಂಗಳು ಡೊಂಬಿವಲಿಗೆ ಹೋದಾಗ ಆ ಹಿರಿಯರ ಕಟ್ಟಡದಲ್ಲಿ ಲಿಫ್ಟಿನ ಪಕ್ಕದ ಗೋಡೆಗೆ ಒಂದು ಕಾಗದ ಅಂಟಿಸಿದ್ದನ್ನು ಕಂಡೆ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಅವರದೇ ದುಂಡು ಅಕ್ಷರ. ಮೇಲೆ 1930 ಎಂದಿತ್ತು. ಕೆಳಗೆ, ಅನುಮಾನದ ಕರೆ ಬಂದವರು ಹೊತ್ತುಗೊತ್ತು ನೋಡದೆ ಬಾಗಿಲು ತಟ್ಟಬಹುದೆಂದು ತಮ್ಮ ಮನೆಯ ಸಂಖ್ಯೆಯನ್ನು ಬರೆದಿದ್ದರು.