ಬಾಷ್‌ನಲ್ಲಿ 13,000 ಕೆಲಸ ಕಡಿತ: ನಮಗೇನು ಸಂಬಂಧ?

2025ರ ಸೆಪ್ಟೆಂಬರ್‌ನಲ್ಲಿ ಬಾಷ್ ಕಂಪನಿ ಇನ್ನೂ 13,000 ಕೆಲಸ ಕಡಿಮೆ ಮಾಡ್ತೀವಿ ಅಂದಾಗ, ಪುಣೆಯಲ್ಲೇ ಇರುವ ನನ್ನ ಗೆಳೆಯ ಕೇಳಿದ: "ಅಲ್ಲಿ ಹೋದ ಕೆಲಸ ನಮ್ಮ ಕಡೆಗೇ ಬರುತ್ತಲ್ವಾ ಗುರು? ನಮಗೆ ಒಳ್ಳೇದೇ ಬಿಡು." ಇವತ್ತು ಆ ಮಾತು ಎಷ್ಟು ನಿಜ ಅಂತ ನೋಡೋಣ.

ಮೊದಲು ಸುದ್ದಿ. ಕಡಿತ ಇರೋದು ವಾಹನ ಬಿಡಿಭಾಗಗಳ ವಿಭಾಗದಲ್ಲಿ, ಹೆಚ್ಚಿನದು ಜರ್ಮನಿಯಲ್ಲಿ. ಅದೂ ಒಂದೇ ದಿನಕ್ಕಲ್ಲ, 2030ರ ಕೊನೆಯೊಳಗೆ. ವರ್ಷಕ್ಕೆ ಸುಮಾರು 250 ಕೋಟಿ ಯೂರೋ ಖರ್ಚು ಇಳಿಸಬೇಕು ಅನ್ನೋದು ಕಂಪನಿಯ ಲೆಕ್ಕ.

ಕಾರಣ ಏನು? ಡೀಸೆಲ್ ಎಂಜಿನ್‌ಗೆ ಪಂಪ್ ಬೇಕು, ಇಂಜೆಕ್ಟರ್ ಬೇಕು. ಎಲೆಕ್ಟ್ರಿಕ್ ಕಾರಿಗೆ ಇವ್ಯಾವೂ ಬೇಡ. ಡೀಸೆಲ್‌ಗೆ ಹತ್ತು ಜನ ಬೇಕಾದ ಕಡೆ ಪೆಟ್ರೋಲ್‌ಗೆ ಮೂವರು, ಎಲೆಕ್ಟ್ರಿಕ್‌ಗೆ ಒಬ್ಬರು ಸಾಕು ಅಂತ ಬಾಷ್ ಮುಖ್ಯಸ್ಥರಾಗಿದ್ದವರೇ ಹಿಂದೆ ಹೇಳಿದ್ದರು. ಆದರೆ ಯುರೋಪಿನಲ್ಲಿ ಎಲೆಕ್ಟ್ರಿಕ್ ಕಾರುಗಳೂ ಅಂದುಕೊಂಡಷ್ಟು ಬೇಗ ಬೆಳೀಲಿಲ್ಲ. ಹಳೇದು ಕುಗ್ಗಿತು, ಹೊಸದು ಅದರ ಜಾಗ ತುಂಬಲಿಲ್ಲ. ಮೇಲೆ ಚೀನಾದ ಪೈಪೋಟಿ.

ಬೆಂಗಳೂರಿನವರಿಗೆ ಇದು ಹೊಸ ಕಥೆಯೇನಲ್ಲ. ನಾವು 'ಮೈಕೋ' ಅಂತಿದ್ದದ್ದು ಇದೇ ಬಾಷ್‌ನ ಭಾರತದ ಕಂಪನಿ, 1951ರಲ್ಲಿ ಶುರುವಾದದ್ದು. ಆಡುಗೋಡಿಯಲ್ಲಿ ಡೀಸೆಲ್ ಪಂಪ್ ಮಾಡ್ತಿದ್ದ ಜಾಗದಲ್ಲಿ ಈಗ ಇಂಜಿನಿಯರ್‌ಗಳ ಕ್ಯಾಂಪಸ್ ಇದೆ. ತಯಾರಿಕೆ ಬಿಡದಿಗೆ ಹೋಯ್ತು.

ಈಗ ಗೆಳೆಯನ ಪ್ರಶ್ನೆ. ಸ್ವಲ್ಪ ಕೆಲಸ ನಮ್ಮ ಕಡೆ ಬರಬಹುದು. ಆದರೆ ಅಗ್ಗ ಅಂತ ಬಂದ ಕೆಲಸ, ಇನ್ನೂ ಅಗ್ಗದ ಕಡೆಗೆ ಹೋಗೋಕೂ ಹೊತ್ತಾಗಲ್ಲ. ನಿಮ್ಮ ಕೋಡ್ ಓಡೋದೇ ಡೀಸೆಲ್ ಎಂಜಿನ್ ಮೇಲೆ ಅಂದ್ರೆ, ಕಡಿತದ ಬಿಸಿ ನಿಮ್ಮ ಸೀಟಿಗೂ ತಟ್ಟುತ್ತೆ.

ಇನ್ನೊಂದು ವ್ಯತ್ಯಾಸ. ಜರ್ಮನಿಯಲ್ಲಿ ಇಂಥ ದೊಡ್ಡ ಕಡಿತಕ್ಕೆ ಮುಂಚೆ ನೌಕರರ ಮಂಡಳಿ ಜೊತೆ ಕೂತು ಮಾತಾಡಲೇಬೇಕು. ಯಾರನ್ನ ತೆಗೀಬೇಕು ಅನ್ನೋವಾಗ ವಯಸ್ಸು, ಸೇವೆಯ ವರ್ಷ, ಮನೆಯ ಹೊಣೆ ಎಲ್ಲ ಲೆಕ್ಕಕ್ಕೆ ಬರುತ್ತೆ. ನಮ್ಮ ಕಾನೂನಲ್ಲೂ ಕಾರ್ಮಿಕರನ್ನ ತೆಗೆದರೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ ಪರಿಹಾರ ಇದೆ. ಆದರೆ ಸಾಫ್ಟ್‌ವೇರ್ ಇಂಜಿನಿಯರ್ 'ಕಾರ್ಮಿಕ' ಹೌದೋ ಅಲ್ವೋ ಅನ್ನೋದೇ ಜಗಳ. ಅದಕ್ಕೂ ಮೊದಲು ಎಚ್‌ಆರ್ "ನೀವೇ ರಾಜೀನಾಮೆ ಕೊಟ್ಟುಬಿಡಿ" ಅಂತಾರೆ. ಕೊಟ್ಟರೆ, ತೆಗೆದುಹಾಕಿದರು ಅಂತ ವಾದಿಸೋದು ಕಷ್ಟ.

ಹಾಗಾಗಿ ಇವತ್ತು ರಾತ್ರಿ ನಿಮ್ಮ ಆಫರ್ ಲೆಟರ್ ತೆಗೆದು ನೋಟಿಸ್ ಪೀರಿಯಡ್, ಪರಿಹಾರದ ಸಾಲು ಓದಿ. ಸಹಿ ಕೇಳಿದ ದಿನ ಒಂದು ದಿನ ಸಮಯ ಕೇಳಿ, ವಕೀಲರಿಗೆ ತೋರಿಸಿ. ಸಿಗೋಣ.