ಒಂದೇ ದಿಕ್ಕಿಗೆ ಕಚ್ಚುವ ಕ್ಲಚ್

ಹಳೆಯ ಬೈಕಿನ ಸೆಲ್ಫ್ ಬಟನ್ ಒತ್ತಿದಾಗ ಬರೀ ‘ಟಿಕ್ ಟಿಕ್’ ಅಂದರೆ ಬ್ಯಾಟರಿ ಸೊರಗಿದೆ, ಇಲ್ಲವೇ ರಿಲೇ ಕೈಕೊಟ್ಟಿದೆ. ಏನೂ ಕೇಳಿಸದಿದ್ದರೆ ವೈರು, ಸ್ವಿಚ್ಚು, ಫ್ಯೂಸು ಹುಡುಕಬೇಕು. ಇನ್ನೊಂದು ಬಗೆಯ ಸದ್ದಿದೆ, ಅದು ಮೊದಲ ಸಲ ಕೇಳಿದವರನ್ನು ದಾರಿ ತಪ್ಪಿಸುತ್ತದೆ. ಮೋಟರು ‘ಝೂಂಯ್’ ಎಂದು ಎಂದಿಗಿಂತ ಚುರುಕಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಮಿಸುಕುವುದಿಲ್ಲ. ಮೋಟರಿಗೆ ಅಷ್ಟು ಉತ್ಸಾಹ ಬಂದಿರುವುದೇ ಅದರ ಮೇಲಿನ ಹೊರೆ ಕಳಚಿಹೋಗಿರುವುದರಿಂದ. ಮೋಟರಿಗೂ ಎಂಜಿನ್ನಿಗೂ ನಡುವೆ ಇರುವ ಕೊಂಡಿ ಜಾರುತ್ತಿದೆ.

ಆ ಕೊಂಡಿಯೇ ಸ್ಟಾರ್ಟರ್ ಕ್ಲಚ್. ಗ್ಯಾರೇಜುಗಳಲ್ಲಿ ‘ಒನ್ ವೇ’ ಎಂದರೆ ಸಾಕು, ಅರ್ಥವಾಗುತ್ತದೆ. ಗೇರ್ ಬದಲಿಸಲು ಎಡಗೈಯಲ್ಲಿ ಹಿಡಿಯುವ ಕ್ಲಚ್ಚಿಗೂ ಇದಕ್ಕೂ ಸಂಬಂಧವಿಲ್ಲ. ಇದಕ್ಕೆ ಕೇಬಲ್ ಇಲ್ಲ, ಲಿವರ್ ಇಲ್ಲ, ಇದನ್ನು ಯಾರೂ ನಡೆಸುವುದಿಲ್ಲ. ಯಾವಾಗ ಕಚ್ಚಬೇಕು, ಯಾವಾಗ ಬಿಡಬೇಕು ಎಂಬುದನ್ನು ಅದರ ಆಕಾರವೇ ತೀರ್ಮಾನಿಸುತ್ತದೆ.

ಇಂಥದ್ದೊಂದು ಏಕೆ ಬೇಕು? ಸೆಲ್ಫ್ ಮೋಟರು ಮುಷ್ಟಿಯಷ್ಟೇ ದೊಡ್ಡದು. ಎಂಜಿನ್ನಿನ ಕಂಪ್ರೆಷನ್ ಮೀರಿ ಕ್ರ್ಯಾಂಕನ್ನು ತಿರುಗಿಸುವಷ್ಟು ಬಲ ಅದಕ್ಕೆ ನೇರವಾಗಿ ಇರುವುದಿಲ್ಲ. ಹಾಗಾಗಿ ನಡುವೆ ಹಲ್ಲುಚಕ್ರಗಳನ್ನಿಟ್ಟು ವೇಗ ತಗ್ಗಿಸಿ ಬಲ ಹೆಚ್ಚಿಸುತ್ತಾರೆ. ಮೋಟರು ಹದಿನೈದು ಸುತ್ತು ಸುತ್ತಿದರೆ ಕ್ರ್ಯಾಂಕ್ ಒಂದು ಸುತ್ತು ಸುತ್ತುತ್ತದೆ ಎಂದಿಟ್ಟುಕೊಳ್ಳಿ. ಈಗ ಎಂಜಿನ್ ಹೊತ್ತಿಕೊಂಡಿತು, ನೀವು ಥ್ರಾಟಲ್ ತಿರುವಿದಿರಿ, ಕ್ರ್ಯಾಂಕ್ ನಿಮಿಷಕ್ಕೆ 8,000 ಸುತ್ತು ತಲುಪಿತು. ಹಲ್ಲುಚಕ್ರಗಳು ಕೂಡಿಕೊಂಡೇ ಇದ್ದರೆ ಅದೇ ಲೆಕ್ಕ ಹಿಂದುಮುಂದಾಗಿ ಮೋಟರು ನಿಮಿಷಕ್ಕೆ 1,20,000 ಸುತ್ತು ಸುತ್ತಬೇಕಾಗುತ್ತದೆ. ಅದಕ್ಕೂ ಎಷ್ಟೋ ಮೊದಲೇ ಅದರ ತಂತಿಸುರುಳಿ ಕಿತ್ತು ಚೆಲ್ಲಾಪಿಲ್ಲಿಯಾಗಿರುತ್ತದೆ. ಮೋಟರು ಎಂಜಿನ್ನನ್ನು ತಿರುಗಿಸಬೇಕು, ಆದರೆ ಎಂಜಿನ್ ಎಂದೂ ಮೋಟರನ್ನು ತಿರುಗಿಸಬಾರದು.

ಕಾರಿನಲ್ಲಿ ಇದಕ್ಕಾಗಿ ಮೋಟರಿನ ಪುಟ್ಟ ಹಲ್ಲುಚಕ್ರವೇ ಮುಂದೆ ಚಾಚಿ, ಫ್ಲೈವೀಲಿನ ಹಲ್ಲಿಗೆ ಸಿಕ್ಕಿಕೊಂಡು, ಕೆಲಸ ಮುಗಿದ ಮೇಲೆ ಹಿಂದೆ ಸರಿಯುತ್ತದೆ. ಓಡುತ್ತಿರುವ ಕಾರಿನ ಚಾವಿಯನ್ನು ಮತ್ತೆ ತಿರುಗಿಸಿದರೆ ‘ಕರ್ರ್’ ಎಂದು ಎದೆ ಝಲ್ಲೆನ್ನುವುದು ಆ ಹಲ್ಲುಗಳು ಉಜ್ಜಿಕೊಳ್ಳುವುದರಿಂದ. ಹೆಚ್ಚಿನ ಬೈಕುಗಳಲ್ಲಿ ಹಲ್ಲುಚಕ್ರಗಳು ಸದಾ ಕೂಡಿಕೊಂಡೇ ಇರುತ್ತವೆ, ಬಿಡಿಸುವ ಕೆಲಸವೆಲ್ಲ ಒನ್ ವೇ ಕ್ಲಚ್ಚಿನದು. ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಆಯಿತೇನೋ ಎಂಬ ಗಲಿಬಿಲಿಯಲ್ಲಿ ಓಡುತ್ತಿರುವ ಬೈಕಿಗೇ ಸೆಲ್ಫ್ ಹೊಡೆದರೂ ಅನಾಹುತವಾಗದಿರುವುದು ಈ ಕಾರಣಕ್ಕೆ.

ಕಾರಿಗೆ ವಿದ್ಯುತ್ ಸ್ಟಾರ್ಟರನ್ನು ಗಟ್ಟಿಯಾಗಿ ಕೂರಿಸಿದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. 1912ರ ಕ್ಯಾಡಿಲಾಕ್‌ನಲ್ಲಿ ಅದು ಬಂತು. ಬೈಕುಗಳಿಗೆ ಬರಲು ದಶಕಗಳೇ ಹಿಡಿದವು. ಹಾರ್ಲೆ-ಡೇವಿಡ್‌ಸನ್ನಿನ ದೊಡ್ಡ ಬೈಕಿಗೆ ಅದು ಸಿಕ್ಕಿದ್ದು 1965ರಲ್ಲಿ. ನಮ್ಮಲ್ಲಿ 1984ರ ಕೈನೆಟಿಕ್ ಹೋಂಡಾ ಸ್ಕೂಟರು ಸೆಲ್ಫ್ ಎಂಬುದನ್ನು ಮನೆಮಾತು ಮಾಡಿತು. ಅಲ್ಲಿಯವರೆಗೆ ಕಿಕ್ಕರೇ ಗತಿ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಯೆಜ್ಡಿಯಲ್ಲಂತೂ ಗೇರ್ ಲಿವರೇ ಕಿಕ್ಕರ್ ಕೂಡ. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿ ಒದೆಯಬೇಕಿತ್ತು. ಕಿಕ್ಕರಿನೊಳಗೂ ಒಂದು ಒನ್ ವೇ ವ್ಯವಸ್ಥೆ ಇದ್ದೇ ಇರುತ್ತದೆ, ಇಲ್ಲದಿದ್ದರೆ ಎಂಜಿನ್ ಹೊತ್ತಿದ ಕ್ಷಣ ಲಿವರು ಕಾಲು ಮುರಿದೀತು. ಅಲ್ಲಿರುವುದು ಹಲ್ಲಿಗೆ ಹಲ್ಲು ಸಿಕ್ಕುವ ರಾಚೆಟ್. ಸೈಕಲ್ಲಿನ ಫ್ರೀವೀಲೂ ಅದೇ ಜಾತಿ, ಪೆಡಲ್ ನಿಲ್ಲಿಸಿದಾಗ ‘ಕಟಕಟ’ ಎನ್ನುವುದು ಹಲ್ಲಿನ ಮೇಲೆ ಜಾರುವ ಪುಟ್ಟ ಕೊಕ್ಕೆಗಳು. ನಿಮಿಷಕ್ಕೆ ಸಾವಿರಾರು ಸುತ್ತಿನ ಫ್ಲೈವೀಲಿನಲ್ಲಿ ಆ ಕೊಕ್ಕೆಗಳನ್ನಿಟ್ಟರೆ ಬಾಳುವುದಿಲ್ಲ. ಹಾಗಾಗಿ ಸ್ಟಾರ್ಟರ್ ಕ್ಲಚ್ಚಿನಲ್ಲಿ ಹಲ್ಲೇ ಇಲ್ಲ. ನುಣುಪಾದ ಉಕ್ಕು ನುಣುಪಾದ ಉಕ್ಕನ್ನು ಹಿಡಿಯಬೇಕು, ಅದೂ ಎಣ್ಣೆಯಲ್ಲಿ ನೆಂದಿರುವಾಗ.

ಇಲ್ಲಿದೆ ಚೋದ್ಯ. ಘಾಟಿಯ ಏರಿನಲ್ಲಿ ಕೆಟ್ಟು ನಿಂತ ಲಾರಿಯ ಚಕ್ರಕ್ಕೆ ಕ್ಲೀನರ್ ಹುಡುಗ ಕಲ್ಲು ಕೊಡುವುದನ್ನು ನೋಡಿದ್ದೀರಲ್ಲ? ಲಾರಿ ಹಿಂದಕ್ಕೆ ಒತ್ತಿದಷ್ಟೂ ಕಲ್ಲು ಚಕ್ರಕ್ಕೂ ರಸ್ತೆಗೂ ನಡುವೆ ಬಿಗಿಯಾಗುತ್ತದೆ. ಲಾರಿ ಮುಂದಕ್ಕೆ ಒಂದಂಗುಲ ಸರಿದರೆ ಕಲ್ಲು ತಾನಾಗಿ ಸಡಿಲ. ಹಿಡಿತವನ್ನು ಕೊಡುವುದು ಒತ್ತುವ ಬಲವೇ. ಸ್ಟಾರ್ಟರ್ ಕ್ಲಚ್ಚಿನೊಳಗಿನ ಉರುಳೆಗಳು, ಅಂದರೆ ರೋಲರುಗಳು, ಮಾಡುವುದು ಇದನ್ನೇ.

2000ದ ಆಸುಪಾಸಿನ ಬಹಳಷ್ಟು ಬೈಕುಗಳಲ್ಲಿ ಇರುವುದು ಮೂರು ರೋಲರಿನ ಕ್ಲಚ್. ಮ್ಯಾಗ್ನೆಟ್ ಎಂದು ಕರೆಯುವ ಫ್ಲೈವೀಲಿನ ಬೆನ್ನಿಗೆ ಬೋಲ್ಟ್ ಮಾಡಿದ ಉಕ್ಕಿನ ಬಳೆ ಅದು. ಬಳೆಯ ಒಳಮೈಯಲ್ಲಿ ಮೂರು ಗೂಡು, ಪ್ರತಿ ಗೂಡಿನಲ್ಲೂ ಕಿರುಬೆರಳ ತುದಿಯಷ್ಟು ಉದ್ದದ ಒಂದು ರೋಲರ್, ಅದನ್ನು ಹಿಂದಿನಿಂದ ತಳ್ಳುವ ಸಣ್ಣ ಸ್ಪ್ರಿಂಗು. ಗೂಡು ಒಂದು ಕಡೆ ಆಳ, ಇನ್ನೊಂದು ಕಡೆಗೆ ಹೋಗುತ್ತಾ ಕಿರಿದು. ಬಳೆಯ ನಡುವೆ ಸೆಲ್ಫ್ ಗೇರಿನ ನುಣುಪು ಕತ್ತು ತೂರಿಕೊಂಡಿರುತ್ತದೆ. ಮೋಟರು ಗೇರನ್ನು ತಿರುಗಿಸಿದಾಗ ಅದರ ಕತ್ತು ರೋಲರುಗಳನ್ನು ಕಿರಿದಾದ ಕಡೆಗೆ ಎಳೆದೊಯ್ಯುತ್ತದೆ. ಅವು ಬೆಣೆಯಂತೆ ಸಿಕ್ಕಿಕೊಳ್ಳುತ್ತವೆ, ಕ್ರ್ಯಾಂಕ್ ತಿರುಗುತ್ತದೆ. ಎಂಜಿನ್ ಹೊತ್ತಿ ಬಳೆಯ ವೇಗ ಕತ್ತಿನ ವೇಗವನ್ನು ಮೀರಿದ ಕ್ಷಣ ರೋಲರುಗಳು ಆಳದ ಕಡೆಗೆ ಉರುಳಿ ಸಡಿಲಾಗುತ್ತವೆ.

ಎಲ್ಲವೂ ನಿಂತಿರುವುದು ಆ ಗೂಡಿನ ಇಳಿಜಾರಿನ ಕೋನದ ಮೇಲೆ. ಎಣ್ಣೆ ಸವರಿದ ಉಕ್ಕಿನ ಮೇಲೆ ಉಕ್ಕು ಜಾರುವಾಗ ಘರ್ಷಣಾಂಕ ಸುಮಾರು 0.1. ರೋಲರ್ ಜಾರದೆ ಕಚ್ಚಬೇಕಾದರೆ ಬೆಣೆಯ ಅರ್ಧಕೋನದ ಟ್ಯಾಂಜೆಂಟ್ ಇದಕ್ಕಿಂತ ಕಡಿಮೆಯಿರಬೇಕು. ಎಂದರೆ ಇಡೀ ಕೋನ ಹನ್ನೊಂದು ಡಿಗ್ರಿಯನ್ನು ದಾಟುವಂತಿಲ್ಲ. ದಾಟಿದರೆ ಎಷ್ಟು ಒತ್ತಿದರೂ ರೋಲರ್ ಹಿಂದಕ್ಕೆ ಚಿಮ್ಮುತ್ತದೆಯೇ ಹೊರತು ಹಿಡಿಯುವುದಿಲ್ಲ. ಕೋನವನ್ನು ತೀರಾ ಕಿರಿದು ಮಾಡಿದರೂ ಕಷ್ಟ, ಬೆಣೆಯ ಒತ್ತಡ ವಿಪರೀತ ಏರುತ್ತದೆ. ಎಂಟು ಡಿಗ್ರಿ ಇಟ್ಟುಕೊಂಡು ಒಂದು ಲೆಕ್ಕ ಹಾಕಿ ನೋಡೋಣ. ಕ್ರ್ಯಾಂಕಿಗೆ 20 ನ್ಯೂಟನ್-ಮೀಟರ್ ಟಾರ್ಕ್ ಬೇಕು, ಗೇರಿನ ಕತ್ತಿನ ತ್ರಿಜ್ಯ 20 ಮಿಲಿಮೀಟರ್ ಎನ್ನಿ. ಅಂಚಿನಲ್ಲಿ 1,000 ನ್ಯೂಟನ್ ಬಲ, ಅದು ಮೂರು ರೋಲರಿಗೆ ಹಂಚಿಹೋಗುತ್ತದೆ. ಆದರೆ ಬೆಣೆಯ ಗುಣದಿಂದ ಪ್ರತಿ ರೋಲರ್ ಕತ್ತನ್ನು ಒತ್ತುವುದು ಅದರ ಹದಿನಾಲ್ಕು ಪಟ್ಟು ಬಲದಿಂದ, ಹತ್ತಿರ ಹತ್ತಿರ ಅರ್ಧ ಟನ್ ಭಾರ! ರೋಲರಿಗೂ ಕತ್ತಿಗೂ ತಾಗುವುದು ಒಂದು ತೆಳ್ಳನೆಯ ಗೆರೆಯಷ್ಟೇ ಜಾಗ. ಹದ ಹಾಕಿದ ಗಡಸು ಉಕ್ಕಲ್ಲದೆ ಬೇರೇನೂ ಅಲ್ಲಿ ತಾಳುವುದಿಲ್ಲ.

ಹಾಗಾದರೆ ಬೈಕು ಓಡುವಾಗಲೆಲ್ಲ ಈ ರೋಲರುಗಳು ಕತ್ತಿಗೆ ಉಜ್ಜುತ್ತಾ ಸವೆಯುತ್ತವೆಯೇ? ಇಲ್ಲ. ಅವು ಫ್ಲೈವೀಲಿನ ಜೊತೆ ಸುತ್ತುತ್ತಿರುತ್ತವೆ, ಗೇರು ನಿಂತಿರುತ್ತದೆ. ಸುತ್ತುವ ರೋಲರನ್ನು ಕೇಂದ್ರಾಪಗಾಮಿ ಬಲ ಹೊರಕ್ಕೆ ತಳ್ಳುತ್ತದೆ. ಕೇಂದ್ರದಿಂದ 25 ಮಿಲಿಮೀಟರ್ ದೂರವಿರುವ ರೋಲರ್, 1,300 ಸುತ್ತಿನ ಐಡಲಿಂಗ್‌ನಲ್ಲೇ ತನ್ನ ತೂಕದ ಸುಮಾರು ನಲವತ್ತೈದು ಪಟ್ಟು ಬಲದಿಂದ ಹೊರಮುಖವಾಗುತ್ತದೆ, 8,000 ಸುತ್ತಿನಲ್ಲಿ ಸುಮಾರು 1,800 ಪಟ್ಟು. ಅಷ್ಟು ಬಲದ ಮುಂದೆ ಸ್ಪ್ರಿಂಗು ಮಣಿದು ರೋಲರ್ ಗೂಡಿನ ಆಳಕ್ಕೆ ಸರಿದು ಕೂರುತ್ತದೆ, ಕತ್ತನ್ನು ಮುಟ್ಟುವುದೂ ಇಲ್ಲ. ವಿನ್ಯಾಸದ ಜಾಣತನ ಎಂದರೆ ಇದು ಎಂದು ನನಗನ್ನಿಸುತ್ತದೆ. ನೂರು ಕಿಲೋಮೀಟರ್ ಓಡಿದ ಬೈಕಿನಲ್ಲಿ ಈ ಕ್ಲಚ್ ಕೆಲಸ ಮಾಡಿರುವುದು ಬೆಳಗಿನ ಆ ಒಂದೆರಡು ಸೆಕೆಂಡು ಮಾತ್ರ.

ಆದ್ದರಿಂದ ‘ಬೈಕು ಎಷ್ಟು ಕಿಲೋಮೀಟರ್ ಓಡಿದೆ’ ಎಂದು ಕೇಳಿ ಈ ಕ್ಲಚ್ಚಿನ ಆಯುಸ್ಸು ಹೇಳಲಾಗದು. ಇದನ್ನು ಕೊಲ್ಲುವುದು ಹೆಚ್ಚಾಗಿ ಸೊರಗಿದ ಬ್ಯಾಟರಿ. ಪಿಸ್ಟನ್ ತುದಿ ಮುಟ್ಟುವುದಕ್ಕೆ ತುಸು ಮುಂಚೆಯೇ ಸ್ಪಾರ್ಕ್ ಹಾರುತ್ತದೆ, ಉರಿ ಹರಡಲು ಸಮಯ ಬೇಕಲ್ಲ. ಮೋಟರು ಚೆನ್ನಾಗಿ ತಿರುಗಿಸುತ್ತಿದ್ದರೆ ಆ ಹೊತ್ತಿಗೆ ಪಿಸ್ಟನ್ ತುದಿ ದಾಟಿ ಇಳಿಯತೊಡಗಿರುತ್ತದೆ. ಬ್ಯಾಟರಿ ಸೋತು ಕ್ರ್ಯಾಂಕ್ ಏದುಸಿರು ಬಿಡುತ್ತಾ ತಿರುಗುತ್ತಿದ್ದರೆ, ಪಿಸ್ಟನ್ ಮೇಲೇರುವ ಮೊದಲೇ ಉರಿಯ ಒತ್ತಡ ಅದನ್ನು ವಾಪಸ್ ಒದೆಯುತ್ತದೆ. ಕಿಕ್ಕರ್ ಕಾಲದಲ್ಲಿ ಈ ಹಿಂದೇಟು ಸವಾರನ ಮೊಣಕಾಲಿಗೆ ಬೀಳುತ್ತಿತ್ತು, ಈಗ ಬೀಳುವುದು ಒನ್ ವೇಗೆ. ಫ್ಲೈವೀಲ್ ಹಿಮ್ಮುಖವಾಗಿ ತಿರುಗುವುದು ಎಂದರೆ ಕ್ಲಚ್ಚಿನ ಮಟ್ಟಿಗೆ ಅದು ಕಚ್ಚುವ ದಿಕ್ಕೇ. ಮೋಟರು ಮುಂದಕ್ಕೆ ತಿರುಗಿಸುತ್ತಿದೆ, ಎಂಜಿನ್ ಹಿಂದಕ್ಕೆ ಒದೆಯುತ್ತಿದೆ, ನಡುವೆ ಸಿಕ್ಕಿದ್ದು ರೋಲರ್. ಮೇಲೆ ಹಾಕಿದ ಅರ್ಧ ಟನ್ನಿನ ಲೆಕ್ಕ ಆಗ ಎಷ್ಟೋ ಪಟ್ಟು ಏರಿಬಿಡುತ್ತದೆ. ಕೆಲವು ದೊಡ್ಡ ಎಂಜಿನ್ನುಗಳಲ್ಲಿ ಇಂಥ ಪೆಟ್ಟಿಗೆಂದೇ ಜಾರುವ ಟಾರ್ಕ್ ಲಿಮಿಟರ್ ಇಟ್ಟಿರುತ್ತಾರೆ. ಸಾಮಾನ್ಯ ಬೈಕುಗಳಿಗೆ ಆ ಭಾಗ್ಯವಿಲ್ಲ. ‘ಒಂದೇ ಒಂದು ಸಲ ಹೊತ್ತಿಕೊಂಡರೆ ಸಾಕು, ಆಮೇಲೆ ತಾನೇ ಚಾರ್ಜ್ ಆಗುತ್ತೆ’ ಎಂದು ಸೋತ ಬ್ಯಾಟರಿಯ ಮೇಲೆ ಹೆಬ್ಬೆರಳು ಒತ್ತಿ ಹಿಡಿಯುವವರು ಬ್ಯಾಟರಿಯ ಹಣ ಉಳಿಸಿ ಎಂಜಿನ್ ಬಿಚ್ಚುವ ಖರ್ಚಿಗೆ ದಾರಿ ಮಾಡಿಕೊಳ್ಳುತ್ತಾರೆ.

ಎಣ್ಣೆಯ ಪಾಲೂ ಉಂಟು. ಮೈಲೇಜ್ ಹೆಚ್ಚಲೆಂದು ಘರ್ಷಣೆ ತಗ್ಗಿಸುವ ರಾಸಾಯನಿಕ ಬೆರೆಸಿದ ಕಾರಿನ ಎಣ್ಣೆಯನ್ನು ಬೈಕಿಗೆ ಸುರಿದರೆ 0.1 ಎಂಬ ಆ ಅಂಕಿಗೇ ಕೈ ಹಾಕಿದಂತೆ. ಡಬ್ಬದ ಮೇಲೆ ‘ಜಾಸೋ ಎಂಎ’ ಎಂದಿರುವ ಎಣ್ಣೆ ಬೈಕಿನ ಕ್ಲಚ್ ಪ್ಲೇಟುಗಳು ಜಾರದಂತೆ ಪರೀಕ್ಷಿಸಿದ್ದು, ಒನ್ ವೇಗೂ ಅದೇ ಕ್ಷೇಮ.

ಇನ್ನು ಬದಲಿಸುವ ಕೆಲಸ. ಎಣ್ಣೆ ಇಳಿಸಿ, ಗೇರ್ ಲಿವರ್ ತೆಗೆದು, ಎಡಬದಿಯ ಮ್ಯಾಗ್ನೆಟ್ ಕವರಿನ ಬೋಲ್ಟುಗಳನ್ನು ಬಿಚ್ಚಬೇಕು. ಬೋಲ್ಟುಗಳ ಉದ್ದ ಒಂದೊಂದು ಜಾಗಕ್ಕೆ ಒಂದೊಂದು. ತಿಳಿದ ಮೆಕ್ಯಾನಿಕ್ ರಟ್ಟಿನ ಮೇಲೆ ಕವರಿನ ಆಕಾರ ಬರೆದು ಅವನ್ನು ಅದೇ ಕ್ರಮದಲ್ಲಿ ಚುಚ್ಚಿಡುತ್ತಾನೆ. ಬೋಲ್ಟು ಬಿಚ್ಚಿದ ಮೇಲೂ ಒಳಗಿನ ಅಯಸ್ಕಾಂತ ಕವರನ್ನು ಬಿಟ್ಟುಕೊಡುವುದಿಲ್ಲ. ಎಳೆದಷ್ಟೇ ಜೋರಾಗಿ ವಾಪಸ್ ಸೆಳೆಯುತ್ತದೆ, ಬೆರಳು ಜೋಪಾನ. ಮ್ಯಾಗ್ನೆಟ್ ಕೂತಿರುವುದು ಕ್ರ್ಯಾಂಕಿನ ಶಂಕುವಿನಾಕಾರದ ತುದಿಯ ಮೇಲೆ. ನಟ್ ತೆಗೆದರೂ ಅದು ಅಲುಗುವುದಿಲ್ಲ, ಪುಲ್ಲರ್ ಹಾಕಿ ಬಿಗಿ ಮಾಡುತ್ತಾ ಹೋದಾಗ ‘ಠಣ್’ ಎಂಬ ಸದ್ದಿನೊಂದಿಗೆ ಕಳಚಿಕೊಳ್ಳುತ್ತದೆ. ಪುಲ್ಲರ್ ಇಲ್ಲವೆಂದು ಸುತ್ತಿಗೆ ಎತ್ತುವವನ ಕೈಗೆ ಬೈಕು ಕೊಡಬೇಡಿ. ಅಯಸ್ಕಾಂತ ಬಿರುಕು ಬಿಡಬಹುದು, ಕ್ರ್ಯಾಂಕಿನ ನೇರ ಕೆಡಬಹುದು.

ಮ್ಯಾಗ್ನೆಟ್ ಕೈಗೆ ಬಂದ ಮೇಲೆ ಸೆಲ್ಫ್ ಗೇರನ್ನು ಅದರೊಳಗೆ ಕೂರಿಸಿ ಎರಡೂ ಕಡೆ ತಿರುಗಿಸಿ ನೋಡಬೇಕು. ಒಂದು ಕಡೆ ಸಲೀಸು, ಇನ್ನೊಂದು ಕಡೆ ತಕ್ಷಣ ಬಿಗಿತ ಇರಬೇಕು. ಸವೆದದ್ದು ಒಂದು ಸಲ ಹಿಡಿದು ಇನ್ನೊಂದು ಸಲ ಜಾರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಬೀದಿಯಲ್ಲಿ ರೋಲರು, ಸ್ಪ್ರಿಂಗುಗಳಷ್ಟೇ ಅಗ್ಗಕ್ಕೆ ಸಿಗುತ್ತವೆ. ಅವನ್ನಷ್ಟೇ ಹಾಕಿ ಕವರ್ ಮುಚ್ಚುವ ಆಸೆ ಎಲ್ಲರಿಗೂ ಬರುತ್ತದೆ. ಮುಚ್ಚುವ ಮೊದಲು ಗೇರಿನ ಕತ್ತಿನ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಗೇರೂ ಹೋಯಿತೆಂದೇ ಲೆಕ್ಕ. ಗೂಡಿನ ಇಳಿಜಾರಿನಲ್ಲಿ ರೋಲರ್ ಕೂತು ಕೂತು ಗುಳಿ ಬಿದ್ದಿದ್ದರೆ, ಆ ಗುಳಿಯಿಂದ ಮೇಲೇರುವಾಗ ರೋಲರ್ ಎದುರಿಸುವ ಕೋನ ಹನ್ನೊಂದು ಡಿಗ್ರಿ ಮೀರಿರುತ್ತದೆ. ಹೊಸ ರೋಲರೂ ಅಲ್ಲಿ ಜಾರುತ್ತದೆ.

ರೋಲರಿನ ಬದಲು ಸ್ಪ್ರ್ಯಾಗ್ ಇರುವ ಎಂಜಿನ್ನುಗಳೂ ಇವೆ. 8ರ ಅಂಕಿಯ ಆಕಾರದ ಪುಟ್ಟ ಉಕ್ಕಿನ ತುಂಡುಗಳು ಬಳೆಯ ಸುತ್ತ ಓರೆಯಾಗಿ ಸಾಲುನಿಂತಿರುತ್ತವೆ. ಒಂದು ಕಡೆ ವಾಲಿದರೆ ಜಾಗ ಬಿಡುತ್ತವೆ, ಇನ್ನೊಂದು ಕಡೆ ನೆಟ್ಟಗಾದರೆ ಸಿಕ್ಕಿಕೊಳ್ಳುತ್ತವೆ. ಎಂಜಿನ್ ಕೆಟ್ಟರೂ ಹೆಲಿಕಾಪ್ಟರಿನ ರೆಕ್ಕೆ ತಿರುಗುತ್ತಲೇ ಇದ್ದು ನೆಲಕ್ಕಿಳಿಯಲು ಬಿಡುವ ವ್ಯವಸ್ಥೆಯಲ್ಲೂ ಇಂಥ ಸ್ಪ್ರ್ಯಾಗ್ ಬಳಕೆಯುಂಟು. ಇಡೀ ಸಾಲು ಒಂದು ಪಂಜರದಲ್ಲಿರುವುದರಿಂದ ಬದಲಿಸುವುದು ಸುಲಭ, ತಿರುಗಾಮುರುಗಾ ಕೂರಿಸುವುದೂ ಅಷ್ಟೇ ಸುಲಭ. ಹಾಗೆ ಕೂರಿಸಿದರೆ ಸೆಲ್ಫ್ ಹಿಡಿಯುವುದಿಲ್ಲ. ಹಿಡಿಯಲಿಲ್ಲವೆಂದು ಬೈಕನ್ನು ತಳ್ಳಿ ಸ್ಟಾರ್ಟ್ ಮಾಡಿದಿರೋ, ಎಂಜಿನ್ ಮೋಟರನ್ನು ತಿರುಗಿಸತೊಡಗುತ್ತದೆ, ಲಕ್ಷ ದಾಟುವ ಆ ಲೆಕ್ಕದ ದಾರಿ ಹಿಡಿದು. ಪಂಜರದ ಮೇಲಿನ ಬಾಣದ ಗುರುತನ್ನು ಬಿಚ್ಚುವಾಗಲೇ ನೋಡಿಟ್ಟುಕೊಳ್ಳಬೇಕು.

ಬಳೆಯನ್ನು ಹಿಡಿದ ಆಲನ್ ಬೋಲ್ಟುಗಳಿಗೆ ಲಾಕ್‌ಟೈಟ್ ಹಚ್ಚಿ, ಹೇಳಿದಷ್ಟೇ ಟಾರ್ಕಿಗೆ ಬಿಗಿಯಬೇಕು. ಇಲ್ಲಿ ಸಡಿಲಾದ ಬೋಲ್ಟು ಮ್ಯಾಗ್ನೆಟ್ಟಿನ ಜೊತೆ ಸುತ್ತುತ್ತಾ ಕವರನ್ನೇ ಒಳಗಿನಿಂದ ಕೊರೆಯುತ್ತದೆ. ಹಳೆಯ ಕ್ಲಚ್ ಮುರಿದೇ ಹೋಗಿದ್ದರೆ ಅದರ ಚೂರುಗಳನ್ನೆಲ್ಲ ಬಟ್ಟೆಯ ಮೇಲೆ ಜೋಡಿಸಿ ಎಣಿಸುವುದು ಒಳ್ಳೆಯದು. ಲೆಕ್ಕಕ್ಕೆ ಒಂದು ಚೂರು ಕಮ್ಮಿ ಬಿದ್ದರೂ ಅದು ಎಂಜಿನ್ನಿನೊಳಗೇ ಇದೆ ಎಂದರ್ಥ. ಎಣ್ಣೆಯ ಜಾಲರಿ ಬಿಚ್ಚುವ ಮೊದಲು ಮ್ಯಾಗ್ನೆಟ್ಟಿನ ಒಳಮೈಯನ್ನು ಒಮ್ಮೆ ಒರೆಸಿ ನೋಡಿ. ಉಕ್ಕಿನ ಚೂರು ಅಲ್ಲಿ ಅಂಟಿಕೊಂಡಿರುವ ಸಾಧ್ಯತೆಯೇ ಹೆಚ್ಚು.