ಓರೆ ಕೌದಿಗೆ ಯಾವ ಅಂಚು?

ಅಜ್ಜಿಯ ಟ್ರಂಕಿನ ತಳದಲ್ಲಿ ಅರ್ಧಕ್ಕೆ ನಿಂತ ಕೌದಿ ಸಿಗೋದು ಉತ್ತರ ಕರ್ನಾಟಕದ ಮನೆಗಳಲ್ಲಿ ಅಪರೂಪವೇನಲ್ಲ. ಮೇಲಿನ ಪದರ ಮಾತ್ರ ಜೋಡಿಸಿರುತ್ತೆ. ಒಳಪದರವಿಲ್ಲ, ಅಂಚಿಲ್ಲ. ಇಳಕಲ್ ಸೀರೆಯ ತುಂಡು, ಅಜ್ಜನ ಧೋತರ, ಯಾರದೋ ಶಾಲೆಯ ಖಾಕಿ ಚಡ್ಡಿ. ಬೆಂಗಳೂರಿನ ಫ್ಲ್ಯಾಟಿಗೆ ತಂದು ನೆಲದ ಮೇಲೆ ಹರಡಿದಾಗಲೇ ಗೊತ್ತಾಗೋದು, ಎಡಬದಿ ಬಲಬದಿಗಿಂತ ಎರಡು ಇಂಚು ಗಿಡ್ಡ. ಸಾಲದ್ದಕ್ಕೆ ಕಡುಗೆಂಪೆಲ್ಲ ಕೆಳಗಿನ ಒಂದು ಮೂಲೆಯಲ್ಲಿ ಗುಂಪುಗೂಡಿದೆ, ಮೇಲ್ಗಡೆ ಬರೀ ಮಾಸಿದ ಬಿಳಿ.

ಟೈಲರ್ ಹತ್ರ ತಗೊಂಡು ಹೋದ್ರೆ ಮೊದಲ ಮಾತೇ, “ಕಟ್ ಮಾಡಿ ಸಮ ಮಾಡ್ಬಿಡೋಣ ಮೇಡಂ”. ದಯವಿಟ್ಟು ಒಪ್ಪಬೇಡಿ. ಹಾಗೆ ಕತ್ತರಿಸಿದರೆ ಕೈಹೊಲಿಗೆಯ ಗಂಟುಗಳೂ ಹೋಗುತ್ತವೆ, ಹೊಲಿಗೆ ಅಂಚಿನಿಂದ ಬಿಚ್ಚಿಕೊಳ್ಳುತ್ತಾ ಬರುತ್ತೆ. ಅದಕ್ಕಿಂತ ಹೆಚ್ಚಾಗಿ, ಆ ಎರಡಿಂಚೇ ಒಂದು ಸೀರೆಯಲ್ಲಿ ಉಳಿದಿರೋ ಕೊನೇ ತುಂಡಾಗಿರಬಹುದು. ಬಾಗಲಕೋಟೆ ಕಡೆಯ ನಮ್ಮ ಅತ್ತೆ ಇದನ್ನೇ ಹೇಳೋದು: “ಕತ್ತರಿ ಆಡಿಸೋದು ಭಾಳ ಸಸಾರ ಐತಿ. ಆಮ್ಯಾಲ ಬಟ್ಟಿ ಬೆಳಿತೈತೇನವಾ?”

ಓರೆಯನ್ನು ಕತ್ತರಿಸದೆ ಅಂಚಿನಲ್ಲೇ ನುಂಗಿಸಬಹುದು. ಅದಕ್ಕೆ ಮೊದಲು ಅಳತೆ.

ಕೌದಿಯನ್ನು ಎಳೆಯದೆ, ಸುಕ್ಕು ಮಾತ್ರ ಬಿಡಿಸಿ ಹರಡಿ. ಉದ್ದವನ್ನು ಅಂಚಿನಲ್ಲಷ್ಟೇ ಅಳೆದರೆ ಟೇಪು ಸುಳ್ಳು ಹೇಳುತ್ತೆ, ಯಾಕಂದ್ರೆ ವರ್ಷಗಟ್ಟಲೆ ಮಡಚಿ ಎಳೆದಾಡಿದ ಅಂಚು ಹಿಗ್ಗಿರುತ್ತೆ. ಎಡಕ್ಕೆ, ನಡುವೆ, ಬಲಕ್ಕೆ ಹೀಗೆ ಮೂರು ಕಡೆ ಅಳೀರಿ. 84, 83, 85 ಇಂಚು ಬಂತು ಅಂದ್ಕೊಳ್ಳಿ. ಸರಾಸರಿ 84. ಎರಡೂ ಉದ್ದಬದಿಯ ಪಟ್ಟಿಗಳನ್ನು ಸರಿಯಾಗಿ 84ಕ್ಕೇ ಕತ್ತರಿಸಿ. ಪಟ್ಟಿಯ ನಡುವನ್ನು ಕೌದಿಯ ನಡುವಿಗೆ, ತುದಿಯನ್ನು ತುದಿಗೆ ಗುಂಡುಪಿನ್ನು ಚುಚ್ಚಿ, ಉಳಿದದ್ದನ್ನು ಬೆರಳಲ್ಲೇ ಹೊಂದಿಸಿಕೊಂಡು ಹೊಲೀರಿ. ಒಂದಿಂಚಿನಷ್ಟು ವ್ಯತ್ಯಾಸ ಹೊಲಿಗೆಯೊಳಗೆ ಕರಗಿಹೋಗುತ್ತೆ. ಉದ್ದ ಪಟ್ಟಿ ಇಟ್ಟು ಹೊಲೀತಾ ಹೋಗಿ ಕೊನೆಗೆ ಮಿಕ್ಕಿದ್ದನ್ನು ಕತ್ತರಿಸೋ ಅಭ್ಯಾಸ ಇದೆಯಲ್ಲ, ಅಂಚು ಹಪ್ಪಳದ ಹಾಗೆ ಅಲೆಅಲೆಯಾಗೋದು ಅದರಿಂದಲೇ. ಅಗಲದ ಪಟ್ಟಿಗಳನ್ನು ಉದ್ದಬದಿ ಮುಗಿದ ಮೇಲೆ ಹೊಸದಾಗಿ ಅಳೆದೇ ಕತ್ತರಿಸಬೇಕು.

ಎರಡು-ಮೂರು ಇಂಚಿನ ಓರೆಯಾದರೆ ಇಷ್ಟು ಸಾಲದು. ಆಗ ಎರಡು ಅಂಚು ಬೇಕು. ಒಳಗಿನದು ಸಾದಾ ಹತ್ತಿಬಟ್ಟೆಯ ಪಟ್ಟಿ, ಬೇಕಾದ್ದಕ್ಕಿಂತ ಅಗಲವಾಗಿಯೇ ಕತ್ತರಿಸಿದ್ದು. ಕೌದಿ ಓರೆ ಇದ್ದ ಹಾಗೇ ಸುತ್ತ ಹೊಲಿದುಬಿಡಿ. ಆಮೇಲೆ ದಾರ ಎಳೆದು ಹಿಡಿದು, ಚಾಕಿನಿಂದ ಗೆರೆ ಹಾಕಿ, ಆ ಪಟ್ಟಿಯ ಹೊರ ಅಂಚನ್ನು ಮಾತ್ರ ನೇರ ಮಾಡಿ. ಕತ್ತರಿ ತಾಗೋದು ಹೊಸ ಬಟ್ಟೆಗಷ್ಟೇ. ಎದುರುಬದುರು ಬದಿಗಳು ಸಮ ಇದ್ದು, ಮೂಲೆಯಿಂದ ಮೂಲೆಗೆ ಅಳೆದ ಎರಡೂ ಕರ್ಣ ಒಂದೇ ಬಂದರೆ ಆಕಾರ ಸರಿಯಾಯ್ತು ಅಂತ ಅರ್ಥ. ಪಟ್ಟಿ ಒಂದು ತುದೀಲಿ ಮೂರಿಂಚು, ಇನ್ನೊಂದು ತುದೀಲಿ ಒಂದಿಂಚು ಉಳಿದಿರುತ್ತೆ, ಇರಲಿ. ಬಣ್ಣ ಕೌದಿಯ ಅಂಚಿನ ತುಂಡುಗಳಿಗೆ ಹತ್ತಿರದ್ದಾಗಿದ್ದರೆ ಯಾರಿಗೂ ಕಾಣಲ್ಲ. ಇಲ್ಲಿ ಗೆರೆಬಟ್ಟೆ, ಚೌಕುಳಿ ಖಂಡಿತ ಬೇಡ, ಗೆರೆ ಓರೆಯನ್ನು ಬೆರಳು ಮಾಡಿ ತೋರಿಸುತ್ತೆ.

ಹೊರಗಿನ ಅಂಚಿಗೆ ಸೀರೆಯ ದಡಿಗಿಂತ ಚೆಂದದ್ದು ನನಗಂತೂ ಕಂಡಿಲ್ಲ. ಲೆಕ್ಕ ಹಾಕಿ ನೋಡಿ. ಆರು ಗಜದ ಸೀರೆಯ ಒಂದು ದಡಿ ಸುಮಾರು 18 ಅಡಿ. ಏಳಡಿ ಉದ್ದ, ಐದಡಿ ಅಗಲದ ಕೌದಿಯ ಎರಡೂ ಉದ್ದಬದಿಗೆ ಒಂದೇ ದಡಿ ಸಾಕು. ಸೊಂಟದ ಕಡೆಯ ದಡಿಯನ್ನೇ ಆರಿಸಿ, ಪಾದದ ಕಡೆಯದು ನೆಲಕ್ಕೆ ಉಜ್ಜಿ ಸವೆದಿರುತ್ತೆ. ಅಗಲದ ಬದಿಗಳಿಗೆ ಗುಳೇದಗುಡ್ಡದ ಖಣ ಹಾಕಬಹುದು. ನಾಲ್ಕೂ ಕಡೆ ಒಂದೇ ದಡಿ ಬೇಕೇಬೇಕು ಅಂತಿದ್ರೆ ಅದೇ ಸೀರೆಯ ಇನ್ನೊಂದು ದಡಿಯಲ್ಲಿ ಗಟ್ಟಿ ಇರುವ ಭಾಗ ಹುಡುಕಬೇಕು.

ಒಂದು ಎಚ್ಚರ: ಇಳಕಲ್ ಸೀರೆಯ ಒಡಲು ಹತ್ತಿಯಾದರೂ ದಡಿ ರೇಷ್ಮೆಯದೋ ಆರ್ಟ್ ಸಿಲ್ಕಿನದೋ ಆಗಿರುತ್ತೆ. ಜಾರುತ್ತೆ, ಹತ್ತಿಗಿಂತ ಭಾರ. ಪಿನ್ನು ಹತ್ತಿರಹತ್ತಿರ ಹಾಕಿ, ಇಸ್ತ್ರಿ ಹದವಾಗಿರಲಿ, ಮೇಲೊಂದು ಬಟ್ಟೆ ಇರಲಿ.

ಇನ್ನು ಬಣ್ಣದ ತೂಕ. ಕೆಂಪೆಲ್ಲ ಒಂದೇ ಮೂಲೆಗೆ ಬಿದ್ದಿದ್ದರೆ ಕೌದಿ ಆ ಕಡೆ ವಾಲಿದ ಹಾಗೆ ಕಾಣುತ್ತೆ. ಫೋನಿನಲ್ಲಿ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿ. ಬಣ್ಣದ ಮೋಹ ಹೋಗಿ ಕತ್ತಲೆಷ್ಟು, ಬೆಳಕೆಷ್ಟು ಅನ್ನೋದು ಮಾತ್ರ ಉಳಿಯುತ್ತೆ. ಸಾಮಾನ್ಯವಾಗಿ ಎಲ್ಲರೂ ಜಾಸ್ತಿ ಇರೋ ಬಣ್ಣಕ್ಕೇ ಮ್ಯಾಚಿಂಗ್ ಅಂಚು ಹುಡುಕ್ತಾರೆ. ಕೆಂಪಿಗೆ ಕೆಂಪು ಹಾಕಿದರೆ ಆ ಮೂಲೆಯ ಭಾರ ಹಾಗೇ ಉಳಿಯುತ್ತೆ. ನಾನಾದರೆ ಕೌದಿಯಲ್ಲಿ ಅಲ್ಲೊಂದು ಇಲ್ಲೊಂದು ಮಾತ್ರ ಇಣುಕುವ ಗಾಢ ಬಣ್ಣ ತಗೋತೀನಿ, ನೀಲಿಯೋ ಕಡುಹಸಿರೋ. ಸುತ್ತ ಅದೇ ಬಂದಾಗ ಒಳಗಿನ ಆ ನಾಲ್ಕಾರು ತುಂಡುಗಳು ಎದ್ದು ಕಾಣ್ತವೆ, ಕಣ್ಣು ಕೆಂಪಿನಲ್ಲೇ ಸಿಕ್ಕಿಕೊಳ್ಳಲ್ಲ. ನಾಲ್ಕೂ ಕಡೆ ಅಂಚು ಒಂದೇ ಅಗಲ ಇರಬೇಕು ಅಂತ ನಿಯಮವೂ ಇಲ್ಲ. ಮಾಸಿದ ಬಿಳಿಯ ಕಡೆ ಐದಿಂಚು, ಕೆಂಪಿನ ಕಡೆ ಮೂರಿಂಚು ಇಟ್ಟು ನೋಡಿ.

ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳಿಗೆ ಈ ತಲೆನೋವೇ ಇಲ್ಲ ಅನ್ನೋದು ಬೇರೆ ಮಾತು. ಅವರ ಕೌದಿ ಶುರುವಾಗೋದೇ ಅಂಚಿನಿಂದ. ಸುತ್ತ ತುಂಡು ಇಡುತ್ತಾ, ಹೊಲಿಯುತ್ತಾ ನಡುವಿಗೆ ಬರ್ತಾರೆ. ಮೂಲೆಗಳಿಗೆ ಮಡಚಿದ ಬಣ್ಣದ ತುಂಡುಗಳ ‘ಫುಲಾ’ ಇಡ್ತಾರೆ. ಹೊಸದಾಗಿ ಕೌದಿ ಹೊಲಿಯೋರು ಅದನ್ನೇ ಕಲಿಯೋದು ಜಾಣತನ.

ಕೈಯಲ್ಲಿರೋದು ಅಜ್ಜಿಯ ಕೌದಿಯಾದರೆ, ಆರಿಸಿದ ಅಂಚನ್ನು ಪಿನ್ನಿನಲ್ಲಷ್ಟೇ ನಿಲ್ಲಿಸಿ ಒಂದು ದಿನ ಬಿಡಿ. ಬೆಳಗಿನ ಬೆಳಕಲ್ಲಿ ಒಮ್ಮೆ, ಟ್ಯೂಬ್‌ಲೈಟಿನಲ್ಲಿ ಒಮ್ಮೆ ನೋಡಿ. ಖಣ ಹೊಸದಿದ್ದರೆ ಒದ್ದೆ ಬಿಳಿ ಬಟ್ಟೆ ಒತ್ತಿ ಬಣ್ಣ ಬಿಡುತ್ತಾ ಅಂತ ಪರೀಕ್ಷೆ ಮಾಡಿ. ಬಿಟ್ಟರೆ ಮೊದಲು ಅದನ್ನೊಂದೇ ಒಗೆದು ಒಣಗಿಸಿಕೊಳ್ಳಿ, ಆಮೇಲೆ ಸೂಜಿ.